ಕಂಪನಿಗೆ ಮುಯ್ಯಾಳಾಗಿ ಹೋದ ಸಮೀಉಲ್ಲಾ

ಕಾಲುವೆಗೆ ನೀರು ಬಿಟ್ಟ ವಾರ ನಮ್ಮ ಮುಕ್ಕುಂದದಲ್ಲಿ ಆಳು ಸಿಗುವುದಿಲ್ಲ. ಎಲ್ಲರ ಗದ್ದೆಗೂ ಒಂದೇ ಸಲ ನೀರು ಬರುತ್ತದೆ, ಎಲ್ಲರ ಸಸಿಯೂ ಒಂದೇ ಸಲ ಬಲಿಯುತ್ತದೆ, ಎಲ್ಲರೂ ಒಂದೇ ಸಲ ನಾಟಿಗೆ ನಿಲ್ಲುತ್ತಾರೆ. ಅದಕ್ಕೇ ಇಲ್ಲಿ ಮುಯ್ಯಾಳು ನಡೆಯುತ್ತದೆ. ಇವತ್ತು ನಿನ್ನ ಗದ್ದೆಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಕೂಲಿ ಇಲ್ಲ, ಕಾಗದ ಇಲ್ಲ, ಬರೀ ಮಾತು. ಒಳ್ಳೆಯ ಪದ್ಧತಿ. ಗದ್ದೆಯೊಳಗೆ ಇರುವ ತನಕ ಒಳ್ಳೆಯದು.

ನಾನು ಶಿವಕುಮಾರಿ, ಇದೇ ಊರಿನ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಮನೆಮನೆ ತಿರುಗುತ್ತಿದ್ದೇನೆ. ಲಸಿಕೆ, ಬಸಿರಿಯರ ತಪಾಸಣೆ, ಟಿ.ಬಿ. ಗುಳಿಗೆ ಎಂದು ನೂರು ಸಲ ಹೇಳಿ, ತೊಂಬತ್ತು ಸಲ ‘ಹೂಂ ಅಕ್ಕಾ, ನಾಳೆ ಬರ್ತೀವಿ’ ಎಂದು ಕೇಳಿಸಿಕೊಂಡವಳು. ಕಥೆ ಕಟ್ಟಲು ನನಗೆ ಬರುವುದಿಲ್ಲ. ನಮ್ಮ ಮಹಿಳಾ ಸಂಘದವರು ಬರೆದುಕೊಡು ಎಂದು ಬೆನ್ನು ಹತ್ತಿದ್ದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನನ್ನ ತಪ್ಪೂ ಇದರಲ್ಲಿದೆ, ಅದನ್ನೂ ಬಿಡುವುದಿಲ್ಲ.

ನಮ್ಮ ಓಣಿಯಲ್ಲಿ ಮೆಹರಬಾನು ಚಾಚಿಯ ಮನೆ. ಚಾಚಿಗೆ ಇಬ್ಬರು ಮಕ್ಕಳು. ಹಿರಿಯವಳು ಹುಸ್ನಾ, ಕಿರಿಯವನು ಶಾಕೀರ್. ಹುಸ್ನಾಳನ್ನು ಮಸ್ಕಿಯ ಸಮೀಉಲ್ಲಾನಿಗೆ ಕೊಟ್ಟಿದ್ದರು. ಮದುವೆಯಾದ ಮೇಲೆ ಅವನೇ ಇಲ್ಲಿಗೆ ಬಂದು ಪಕ್ಕದ ಓಣಿಯಲ್ಲಿ ಮನೆ ಮಾಡಿದ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಕೆಲಸ. ಮುಸರತ್ ಎಂಬ ಐದು ವರ್ಷದ ಮಗಳು. ಶಾಕೀರ್ ದೂರದ ಒಂದು ಕಂಪನಿಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಔಷಧ ಮಾಡಲು ಬೇಕಾದ ರಾಸಾಯನಿಕ ತಯಾರಿಸುವ ಕಂಪನಿ ಅದು. ನಮ್ಮ ಓಣಿಯ ಸಂಗನಬಸವನೂ ಅಲ್ಲೇ ಇದ್ದ. ಇಬ್ಬರೂ ಅಲ್ಲೇ ಒಂದು ರೂಮು ಹಿಡಿದಿದ್ದರು.

ಹೋದ ವರ್ಷ ನಾಟಿಯ ಹೊತ್ತಿಗೆ ಶಾಕೀರ್ ಊರಿಗೆ ಬಂದ. ತಂದೆ ಬಿಟ್ಟುಹೋದ ಎರಡು ಎಕರೆ ಗದ್ದೆಗೆ ಅವನೇ ನಿಲ್ಲಬೇಕು. ಸಮೀಉಲ್ಲಾನಿಗೆ ಆಗ ಕೆಲಸವಿರಲಿಲ್ಲ. ಹೊಸ ನೆಲ್ಲು ಬರುವ ತನಕ ಮಿಲ್ಲು ಬಂದ್. ಆ ದಿನ ನಾನು ಮುಸರತ್‌ಳ ಚುಚ್ಚುಮದ್ದಿನ ತಾರೀಕು ಹೇಳಲು ಹುಸ್ನಾಳ ಮನೆಗೆ ಹೋಗಿದ್ದೆ. ಸಮೀಉಲ್ಲಾ ಬಟ್ಟೆ ಚೀಲ ತುಂಬುತ್ತಿದ್ದ. ಶಾಕೀರ್ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ.

"ಎಲ್ಲಿಗೋ ಸಮೀ?" ಎಂದೆ.

"ಮುಯ್ಯಾಳಿಗೆ ಹೊಂಟೀನಕ್ಕಾ."

"ಯಾರ ಗದ್ದಿಗೆ, ಅಷ್ಟು ದೊಡ್ಡ ಚೀಲ ತಗೊಂಡು?"

ಶಾಕೀರ್ ನಕ್ಕ. "ಗದ್ದಿಗಲ್ಲ ಅಕ್ಕಾ, ಕಂಪನಿಗೆ. ರಜಾ ಕೇಳಿದ್ರ ಮೇಸ್ತ್ರಿ ಪಾಸ್ ಕಿತ್ಕೋತೀನಿ ಅಂತಾನ. ಅದಕ್ಕ ದುಲ್ಲಾಭಾಯಿ ನನ್ನ ಪಾಸ್ ಮ್ಯಾಲ ಹನ್ನೆರಡು ದಿನ ದುಡೀತಾನ. ನಾ ಇಲ್ಲಿ ನಾಟಿ ಮುಗಿಸ್ತೀನಿ." ಅಕ್ಕನ ಗಂಡನಿಗೆ ಅವರಲ್ಲಿ ದುಲ್ಲಾಭಾಯಿ ಎನ್ನುತ್ತಾರೆ.

"ಪಾಸಿನ್ಯಾಗ ನಿನ್ನ ಫೋಟೋ ಐತಲ್ಲೋ?"

"ಮುಖ ಯಾರು ನೋಡ್ತಾರ್ರೀ ಅಲ್ಲಿ? ತಲಿಗೆ ಹೆಲ್ಮೆಟ್, ಮೂಗಿಗೆ ಮಾಸ್ಕ್. ಗೇಟಿನ್ಯಾಗ ಬರೇ ತಲಿ ಎಣಿಸ್ತಾರ. ಹ್ವಾದ ಸಲ ಸಂಗನಬಸವನ ಬದಲಿ ಅವನ ಅಳಿಯ ಹೋಗಿದ್ದ. ಏನಾತು? ಏನೂ ಆಗಲಿಲ್ಲ."

"ಅಲ್ಲಿ ಕೆಲಸ ಗೊತ್ತೈತೇನೋ ಸಮೀ ನಿನಗ?"

"ಚೀಲ ಹೊರಾದು ಇಲ್ಲೂ ಅದ, ಅಲ್ಲೂ ಅದ," ಎಂದ ಸಮೀಉಲ್ಲಾ. "ನಾನೇನು ಕಂಪನಿ ಖರೀದಿ ಮಾಡಾಕ ಹೊಂಟೀನೇನು?"

"ಇಲ್ಲಿ ಚೀಲದಾಗ ಅಕ್ಕಿ ಇರ್ತಾವ. ಅಲ್ಲಿ ಚೀಲದಾಗ ಏನಿರ್ತೈತಿ?"

"ಪುಡಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನನಗೆ ಸಿಂಧನೂರಿನಲ್ಲಿ ಮೀಟಿಂಗ್ ಇತ್ತು. "ಇದು ಸರಿ ಅಲ್ಲ ನೋಡ್ರಿ" ಎಂದು ಒಂದು ಮಾತು ಹೇಳಿ ಬಸ್ಸಿಗೆ ಓಡಿದೆ. ಆ ಹೊತ್ತು ಇನ್ನೊಂದು ಹತ್ತು ನಿಮಿಷ ಕುಳಿತು ಜಗಳವಾಡಬೇಕಿತ್ತು. ಗುಳಿಗೆ ನುಂಗದವರ ಜೊತೆ ಅರ್ಧ ದಿನ ಜಗಳವಾಡುವ ನಾನು ಅವತ್ತು ಆಡಲಿಲ್ಲ.

ಹನ್ನೊಂದನೆಯ ದಿನ, ಬುಧವಾರ, ಮಧ್ಯಾಹ್ನ ಒಂದು ಗಂಟೆಗೆ ಆ ಕಂಪನಿಯಲ್ಲಿ ಸ್ಫೋಟವಾಯಿತು. ರಾಸಾಯನಿಕ ಕುದಿಸುವ ದೊಡ್ಡ ಉಕ್ಕಿನ ಪಾತ್ರೆಗೆ ಅಲ್ಲಿ ರಿಯಾಕ್ಟರ್ ಎನ್ನುತ್ತಾರೆ. ಅದರೊಳಗೆ ಒತ್ತಡ ಏರಿ ಅದು ಒಡೆಯಿತು. ಅದಿದ್ದ ಶೆಡ್ ಕುಸಿದು ಬೆಂಕಿ ಹತ್ತಿತು. ಒಂಬತ್ತು ಜನ ಸತ್ತರು. ಇಪ್ಪತ್ತಕ್ಕಿಂತ ಹೆಚ್ಚು ಜನರಿಗೆ ಸುಟ್ಟ ಗಾಯಗಳಾದವು. ಕಂಪನಿಯ ತಪ್ಪೆಷ್ಟು, ಯಾರ ತಪ್ಪೆಷ್ಟು ಎಂಬ ವಿಚಾರಣೆ ಇನ್ನೂ ನಡೆದಿದೆ. ಅದು ನಡೆಯಲಿ. ನಾನು ಹೇಳಬೇಕಾದದ್ದು ನಮ್ಮ ಮನೆಗಳ ತಪ್ಪಿನ ಬಗ್ಗೆ.

ಸಂಜೆ ನಾಲ್ಕರ ಸುಮಾರಿಗೆ ಪಂಚಾಯಿತಿಯಿಂದ ನನಗೆ ಫೋನ್ ಬಂತು. "ಅಕ್ಕಾರ, ನಿಮ್ಮ ಓಣಿಯಾಗ ಶಾಕೀರ್ ಅಂತ ಯಾರರ ಅದಾರೇನ್ರೀ? ಗೇಟಿನ ಪಾಸ್ ಲೆಕ್ಕದ ಮ್ಯಾಲ ಕಂಪನ್ಯಾಗ ಸತ್ತೋರ ಲಿಸ್ಟ್ ಮಾಡ್ಯಾರ, ಅದರಾಗ ಅವನ ಹೆಸರೈತಿ. ಮನಿಯೋರಿಗೆ ತಿಳಿಸ್ರಿ."

ಶಾಕೀರ್ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಆ ಪಾಸ್ ಯಾರ ಕೊರಳಲ್ಲಿತ್ತು ಎಂಬುದೂ ಗೊತ್ತಿತ್ತು. ಎದ್ದು ಚಾಚಿಯ ಮನೆಗೆ ಹೋದೆ. ಅಷ್ಟರಲ್ಲಿ ಆ ಲಿಸ್ಟು ಎಲ್ಲರ ಮೊಬೈಲಿಗೂ ಬಂದು, ಹೆಂಗಸರು ಅಳುತ್ತಾ ಬಾಗಿಲಲ್ಲಿ ನೆರೆದಿದ್ದರು. ಚಾಚಿ ನಡುಮನೆಯಲ್ಲಿ ನಿಂತು ಕೂಗುತ್ತಿದ್ದಳು.

"ಹುಚ್ಚು ಹಿಡದೈತೇನ್ ಬೇ ನಿಮಗ? ನನ್ನ ಮಗ ಗದ್ಯಾಗ ಅದಾನ! ಮುಂಜಾನೆ ರೊಟ್ಟಿ ಕಟ್ಟಿ ಕಳಿಸೀನಿ!"

ಯಾರೋ ಓಡಿಹೋಗಿ ಶಾಕೀರ್‌ನನ್ನು ಕರೆತಂದರು. ಮೊಣಕಾಲ ತನಕ ಕೆಸರು. ಅವನನ್ನು ಕಂಡದ್ದೇ ತಡ, ಓಣಿಯ ಅಳು ನಗುವಾಯಿತು. ಒಬ್ಬರು ಅವನ ಕೈ ಮುಟ್ಟಿ ನೋಡಿದರು, ಇನ್ನೊಬ್ಬರು ಬೆನ್ನಿಗೆ ಗುದ್ದಿದರು. "ಸತ್ತವ ನಡಕೋತ ಬಂದ್ನಲ್ಲೋ!" ಎಂದು ಯಾರೋ ಚೇಷ್ಟೆ ಮಾಡಿದರು. ಚಾಚಿ ಮಗನ ಕೆನ್ನೆಗೆ ಒಂದು ಬಾರಿಸಿ, ಅಪ್ಪಿಕೊಂಡು, ಒಳಗಿನಿಂದ ಸಕ್ಕರೆ ಡಬ್ಬಿ ತಂದಳು. ಬಂದವರ ಬಾಯಿಗೆಲ್ಲ ಒಂದೊಂದು ಚಿಟಿಕೆ ಹಾಕಿದಳು. ನನ್ನ ಬಾಯಿಗೂ ಹಾಕಿದಳು. ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಾನು ನಿಂತಿದ್ದೆ.

ಆಗ ಹುಸ್ನಾ ಬಂದಳು. ತಮ್ಮನನ್ನು ನೋಡಿದಳು, ಜನರನ್ನು ನೋಡಿದಳು. ಕಿವಿಗೆ ಫೋನ್ ಹಿಡಿದಿದ್ದಳು.

"ಶಾಕೀರ್ ಇಲ್ಲೇ ಅದಾನ. ಹಂಗಾದ್ರ ಅಲ್ಲಿ ಸತ್ತೋರು ಯಾರು?"

ಚಾಚಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು.

"ಫೋನ್ ರಿಂಗ್ ಆಗಾಕತ್ತೈತಿ," ಎಂದಳು. "ಎತ್ತವಲ್ಲರು."

ಆ ಕಂಪನಿಯಲ್ಲಿ ಒಳಗೆ ಹೋಗುವವರು ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು. ಅದು ಅಲ್ಲೇ ಇತ್ತು. ಮರುದಿನ ಬೆಳಗಿನವರೆಗೂ ಹುಸ್ನಾ ಮತ್ತೆ ಮತ್ತೆ ಹಚ್ಚಿದಳು, ಅದು ಬ್ಯಾಟರಿ ಮುಗಿಯುವ ತನಕ ರಿಂಗಾಯಿತು.

ಗುರುವಾರ ಮೇಸ್ತ್ರಿ ವೀರೇಂದ್ರ ಮೋಟಾರ್ ಸೈಕಲ್ಲಿನಲ್ಲಿ ಬಂದ. ಲಿಂಗಸುಗೂರಿನವನು, ಕಂಪನಿಗೆ ಜನ ಕಳಿಸುವ ಗುತ್ತಿಗೆ ಅವನದು. ಬದಲಿ ಹೋಗುವುದೆಲ್ಲ ಅವನಿಗೆ ಗೊತ್ತಿದ್ದದ್ದೇ. ತಲೆ ಎಣಿಕೆ ಸರಿಯಿದ್ದರೆ ಅವನಿಗೆ ಸಾಕು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದ.

"ಆಗಬಾರದ್ದು ಆಗೈತಿ ಚಾಚೀ. ಈಗ ಬುದ್ಧಿ ಉಪಯೋಗಿಸ್ಬೇಕು. ಲಿಸ್ಟಿನ್ಯಾಗ ಶಾಕೀರ್ ಅಂತ ಐತಿ. ಹಂಗ ಇರಲಿ. ಪರಿಹಾರ ನಿನ್ನ ಹೆಸರಿಗೆ ಬರ್ತೈತಿ, ತಗೊಂಡು ಮಗಳಿಗೆ ಕೊಡು. ಶಾಕೀರ್ ಒಂದಿಷ್ಟು ದಿನ ಮುದಗಲ್‌ನ್ಯಾಗ ನೆಂಟರ ಮನ್ಯಾಗ ಇರಲಿ."

"ಎಷ್ಟು ದಿನ ರೀ?" ಎಂದು ನಾನು ಕೇಳಿದೆ.

"ಗದ್ದಲ ಕಡಿಮಿ ಆಗೋತನ."

"ಆಮ್ಯಾಲ? ಸತ್ತವ ಯಾವಾಗ ಎದ್ದು ಬರಬೇಕು? ರೇಷನ್ ಕಾರ್ಡಿನ್ಯಾಗ ಸತ್ತ, ಆಧಾರಿನ್ಯಾಗ ಸತ್ತ, ಪಹಣಿಯಾಗ ಸತ್ತ. ಮತ್ತ ನಾಟಿ ಯಾರ ಹೆಸರಿನ್ಯಾಗ ಮಾಡ್ಬೇಕವ?"

ಅವನು ನನ್ನನ್ನು ಕೆಳಗಿನಿಂದ ಮೇಲೆ ನೋಡಿದ. "ಅಕ್ಕಾರ, ನೀವು ಗುಳಿಗಿ ಕೊಡಾಕ ಬಂದೀರಿ. ಕೊಟ್ಟು ಹೋಗ್ರಿ." ಆಮೇಲೆ ಚಾಚಿಯ ಕಡೆ ತಿರುಗಿದ. "ಬಾಯಿ ಬಿಟ್ರ ಕೇಸ್ ಆಕೈತಿ. ಇನ್ನೊಬ್ಬನ್ನ ತನ್ನ ಪಾಸ್ ಮ್ಯಾಲ ಕಳಿಸಿದ್ದಕ್ಕ ನಿನ್ನ ಮಗ ಒಳಗ ಹೋಗ್ತಾನ. ವಿಚಾರ ಮಾಡು."

ಅವನು ಹೋದ ಮೇಲೆ ಚಾಚಿ ನನ್ನ ಮುಂದೆ ಸೆರಗು ಒಡ್ಡಿದಳು. "ಸುಮ್ಮನಿರು ಶಿವಕುಮಾರಿ. ಅಳಿಯ ಅಂತೂ ಹೋದ. ಮಗನ್ನೂ ಜೇಲಿಗೆ ಹಾಕಲೇನು? ನನಗ ಇರೋನು ಇವನೊಬ್ಬ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೆತ್ತವಳ ಹೆದರಿಕೆ ಅದು. ನಮ್ಮ ವೈದ್ಯಾಧಿಕಾರಿಗಳಿಗೆ ಫೋನ್ ಮಾಡಿ ವಿಷಯ ಕೇಳಿಕೊಂಡೆ. ಕೇಳಿದ್ದನ್ನು ಚಾಚಿ, ಹುಸ್ನಾ, ಶಾಕೀರ್ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ.

"ಚಾಚೀ, ಅಲ್ಲಿ ದೇಹ ಸುಟ್ಟಾವ. ಮುಖ ನೋಡಿ ಗುರ್ತು ಹಿಡಿಯೋ ಹಂಗಿಲ್ಲ. ಅದಕ್ಕ ಮನಿಯೋರ ರಕ್ತ ತಗೊಂಡು ಡಿಎನ್‌ಎ ಅಂತ ಪರೀಕ್ಷೆ ಮಾಡ್ತಾರ. ತಾಯಿ ರಕ್ತಕ್ಕ ಮಗಂದು ಹೊಂದತೈತಿ. ತಂದಿದಕ್ಕ ಮಕ್ಕಳದು ಹೊಂದತೈತಿ. ನೀನು ಶಾಕೀರ್‌ನ ತಾಯಿ ಅಂತ ರಕ್ತ ಕೊಟ್ರ ಅಳಿಯನ ದೇಹಕ್ಕ ಅದು ಹೊಂದೂದಿಲ್ಲ."

"ಹೊಂದಲಿಲ್ಲಂದ್ರ?"

"ಕೊಡೂದಿಲ್ಲ. ಎಂಟು ಮಂದಿ ದೇಹ ಅವರವರ ಮನಿಗೆ ಹೋಗ್ತಾವ. ಒಂದು ಮಾತ್ರ ಶವಾಗಾರದಾಗ ಉಳೀತೈತಿ. ಕೇಳಾಕ ಯಾರೂ ಇಲ್ಲ ಅಂತ ಕಡೀಕ ಸರ್ಕಾರದೋರ ಮಣ್ಣು ಮಾಡ್ತಾರ. ಅನಾಥ ಅಂತ ಬರಕೋತಾರ."

ಹುಸ್ನಾ ಅದುವರೆಗೆ ಗೋಡೆಗೆ ಒರಗಿ ಕುಳಿತಿದ್ದಳು. ಈಗ ಎದ್ದು ಕುಳಿತಳು.

"ಅನಾಥ ಹೆಂಗಾಗ್ತಾರಕ್ಕಾ? ಅವರ ತಾಯಿ ಮಸ್ಕ್ಯಾಗ ಜೀವಂತ ಅದಾಳ. ನಾ ಅದೀನಿ. ಮಗಳು ಅದಾಳ. ನನಗ ಪರಿಹಾರ ಬ್ಯಾಡ, ಏನೂ ಬ್ಯಾಡ. ಅವರ ಮಯ್ಯತ್, ಅವರ ದೇಹ ಬೇಕು. ಅವರದಂತನ ಬೇಕು. ನಾಳೆ ನನ್ನ ಮಗಳು ಅಪ್ಪನ ಗೋರಿ ಎಲ್ಲೈತಿ ಅಂದ್ರ ಏನ್ ತೋರಿಸ್ಲಿ?"

"ಆಪಾ, ನನಗೂ ಬೇಕು," ಎಂದ ಶಾಕೀರ್. "ಆದ್ರ ಜೇಲಂದ್ರ... ಅಮ್ಮನ ಯಾರು ನೋಡ್ತಾರ?"

ಹುಸ್ನಾ ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳನ್ನು ಎತ್ತಿಕೊಂಡು ತನ್ನ ಮನೆಗೆ ಹೋದಳು.

ಶನಿವಾರ ಸಂಗನಬಸವ ಆಸ್ಪತ್ರೆಯಿಂದ ಊರಿಗೆ ಬಂದ. ಎಡಗೈಗೆ ಮೊಣಕೈವರೆಗೆ ಬ್ಯಾಂಡೇಜು. ಸದ್ದಿಗೆ ಒಂದು ಕಿವಿ ಕೇಳಿಸದಂತಾಗಿತ್ತು. ಯಾರು ಮಾತಾಡಿಸಿದರೂ ಗೋಡೆ ನೋಡುತ್ತ ಕೂರುತ್ತಾನೆ, ಅನ್ನ ಮುಟ್ಟುತ್ತಿಲ್ಲ ಎಂದು ಅವನ ತಾಯಿ ಜಂಬಮ್ಮ ನನ್ನನ್ನು ಕರೆದಳು. ನಾನು ಹೋಗಿ ಗುಳಿಗೆ ನೋಡಿದೆ, ಜ್ವರ ನೋಡಿದೆ. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಾದ ಮೇಲೆ ಅವನೇ ಬಾಯಿ ಬಿಟ್ಟ. ಅರ್ಧ ಕೇಳುವಷ್ಟರಲ್ಲಿ ನಾನು ತಡೆದೆ.

"ಇದನ್ನ ನನಗ ಹೇಳಬ್ಯಾಡೋ. ನಡಿ, ಅವರ ಮನ್ಯಾಗ ಹೇಳು."

ಜಂಬಮ್ಮನೂ ಜೊತೆಗೆ ಬಂದಳು. ಚಾಚಿಯ ಮನೆಗೆ ಹುಸ್ನಾಳನ್ನೂ ಕರೆಸಿದೆವು. ಸಂಗನಬಸವ ನೆಲ ನೋಡುತ್ತ ಹೇಳಿದ.

"ನಮಗೆಲ್ಲ ಕೆಲಸಕ್ಕ ಸೇರಿದಾಗ ಎರಡು ದಿನ ತರಬೇತಿ ಕೊಟ್ಟಿದ್ರು. ಶಾಕೀರ್‌ಗೂ ಆಗಿತ್ತು. ಸಮೀಗ ಆಗಿದ್ದಿಲ್ಲ. ಪಾಸಿನ ಪ್ರಕಾರ ಅವ ಶಾಕೀರ್, ಎಲ್ಲಾ ಕಲ್ತವ. ಯಾರು ಹೇಳಿಕೊಡಬೇಕು? ನಾ ಹೇಳಬೇಕಿತ್ತು. ಇವತ್ತು ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ ಬಿಟ್ಟೆ."

"ಏನು ಹೇಳಬೇಕಿತ್ತೋ?" ಎಂದಳು ಚಾಚಿ.

"ಸೈರನ್ ಚಾಚೀ. ಅಲ್ಲಿ ಸೈರನ್ ಹೊಡೀತಂದ್ರ ಕೈಯಾಗಿಂದು ಅಲ್ಲೇ ಬಿಟ್ಟು ಓಡಬೇಕು. ಗಾಳಿ ಬೀಸೋ ದಿಕ್ಕಿಗೆ ಓಡಬಾರದು, ಅಡ್ಡ ಓಡಬೇಕು. ಹೊರಗ ಒಂದು ಜಾಗ ಗುರ್ತು ಮಾಡ್ಯಾರ, ಅಲ್ಲಿ ಹೋಗಿ ನಿಲ್ಲಬೇಕು. ಮಿಲ್ಲಿನ್ಯಾಗ ಸೈರನ್ ಅಂದ್ರ ಊಟ. ಸಮೀಗ ಗೊತ್ತಿದ್ದದ್ದು ಅದೊಂದ. ಒಂದು ಗಂಟೆ ಬ್ಯಾರೆ ಆಗಿತ್ತು. ನಾವೆಲ್ಲ ಬಾಗಿಲ ಕಡೆ ಓಡಿದ್ವಿ. ಅವ ಚೀಲ ಇಳಿಸಿ ನಳದ ಕಡೆ ಹೋದ. ಕೈ ತೊಳಕೊಳ್ಳಾಕ."

ಹುಸ್ನಾ ಕೇಳಿದಳು. "ನೀ ಕೂಗಲಿಲ್ಲೇನಣ್ಣಾ?"

ಜಂಬಮ್ಮ ಮಗನಿಗೆ ನೀರು ಕೊಟ್ಟಳು. ಅವನು ಕುಡಿಯಲಿಲ್ಲ.

"ಕೂಗಿದೆನವ್ವಾ. ಬಾಗಿಲ್ದಾಗ ನಿಂತು ಎರಡು ಸಲ ಕೂಗಿದೆ. ಶಾಕೀರ್, ಓಡೋ, ಶಾಕೀರ್, ಓಡೋ, ಅಂತ."

ಸಂಗನಬಸವ ನೀರಿನ ಲೋಟ ನೆಲಕ್ಕಿಟ್ಟ.

"ಅಲ್ಲಿ ಸಮೀ ಅಂತ ಕರಿಯೋ ಹಂಗಿದ್ದಿಲ್ಲ. ಸೂಪರ್‌ವೈಸರ್ ಮುಂದ ಬಾಯಿ ತಪ್ಪಬಾರದು ಅಂತ ಹನ್ನೊಂದು ದಿನ ಶಾಕೀರ್, ಶಾಕೀರ್ ಅಂತನ ಕರದು ರೂಢಿ ಮಾಡ್ಕೊಂಡಿದ್ದೆ. ನನ್ನ ಬಾಯಿಗೆ ಆವಾಗನೂ ಅದ ಬಂತು. ಅವ ತಿರುಗಲಿಲ್ಲ. ತನ್ನ ಹೆಸರಲ್ಲದ್ದಕ್ಕ ಯಾರು ತಿರುಗ್ತಾರ? ಸಮೀ ಅಂತ ಒಂದು ಸಲ ಕೂಗಿದ್ರ ತಿರುಗಿ ನೋಡ್ತಿದ್ದ. ಇಪ್ಪತ್ತು ಹೆಜ್ಜಿ ಅಷ್ಟ ಇತ್ತು ಬಾಗಿಲು."

ಹುಸ್ನಾ ಸ್ಫೋಟದ ದಿನದಿಂದ ಜನರ ಮುಂದೆ ಅತ್ತಿರಲಿಲ್ಲ. ಆಗ ಅತ್ತಳು. ಜಂಬಮ್ಮ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ನಾನೂ ಅತ್ತೆ, ಅದನ್ನೇನು ಮುಚ್ಚಿಡುವುದು.

ಶಾಕೀರ್ ಎದ್ದ. ಗೂಟದ ಮೇಲಿದ್ದ ಅಂಗಿ ತೆಗೆದು ತೊಟ್ಟುಕೊಂಡ.

"ನಡೀರಿ, ಹೋಗೂಣು."

"ಮಗನ..." ಎಂದಳು ಚಾಚಿ.

"ಅಮ್ಮಾ, ನನ್ನ ಹೆಸರ ಅವನ ಜೀವ ತಗೊಂಡೈತಿ. ಈಗ ಗೋರಿನೂ ತಗೋಬೇಕೇನು? ಜೇಲಾದ್ರ ಆಗಲಿ. ನಾ ಹೇಳ್ತೀನಿ."

ಚಾಚಿ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು. "ಮೊದ್ಲ ಮಸ್ಕಿಗೆ ನಡೀರಿ. ರಕ್ತ ಕೊಡೋದು ಸುಭಾನಬಿ. ಅಕಿಗೆ ನಾನ ಹೇಳ್ತೀನಿ. ನನ್ನ ಮಗನ ಕೆಲಸಕ್ಕ ಅಕಿ ಮಗ ಹೋಗಿದ್ದ, ನಾನ ಹೇಳಬೇಕು."

ಸುಭಾನಬಿ ಸಮೀಉಲ್ಲಾನ ತಾಯಿ. ಮಗ ಬದಲಿ ಹೋದದ್ದೇ ಅವಳಿಗೆ ಗೊತ್ತಿರಲಿಲ್ಲ, ಮೂರು ದಿನದಿಂದ ಯಾರೂ ನಿಜ ಹೇಳಿರಲಿಲ್ಲ. ಶಾಕೀರ್ ಸತ್ತನೆಂದು ಕೇಳಿ ಅವಳು ಫೋನಿನಲ್ಲಿ ಅತ್ತಿದ್ದಳು, ಅವನಿಗಾಗಿ ದುವಾ ಮಾಡಿದ್ದಳು. ನಾವು ಮಸ್ಕಿಯಲ್ಲಿ ಗಾಡಿಯಿಂದ ಇಳಿದಾಗ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ಶಾಕೀರ್‌ನನ್ನು ಕಂಡಳು. ಮುಖ ಅರಳಿತು. ಆಮೇಲೆ ಅವನ ಹಿಂದೆ ಮುಂದೆ ಕಣ್ಣಾಡಿಸಿದಳು. "ನಮ್ಮ ಸಮೀ ಬರಲಿಲ್ಲೇನು?" ಎಂದಳು. ಮೆಹರಬಾನು ಚಾಚಿ ಅವಳ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಉಳಿದವರು ಹೊರಗೆ ನಿಂತೆವು.

ಸುಭಾನಬಿಯನ್ನೂ ಕರೆದುಕೊಂಡು ಸಂಜೆಗೆ ದೇಹಗಳಿದ್ದ ಆಸ್ಪತ್ರೆ ಮುಟ್ಟಿದೆವು. ಸತ್ತವರ ಮನೆಯವರಿಗಾಗಿ ಅಲ್ಲಿ ಒಂದು ಮೇಜು ಹಾಕಿದ್ದರು. ಶಾಕೀರ್ ಮುಂದೆ ಹೋಗಿ, "ನಿಮ್ಮ ಲಿಸ್ಟಿನ್ಯಾಗಿನ ಶಾಕೀರ್ ನಾನ ರೀ" ಎಂದ. ಅಲ್ಲಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟರು. ಬೈದರು. ಬಹಳ ಬೈದರು. ಸಾಯುವ ಹಿಂದಿನ ದಿನದ ತನಕ ಎಲ್ಲರೂ ಹೀಗೇ ಮಾಡುತ್ತೀರಿ, ಸತ್ತ ಮೇಲೆ ನಮ್ಮ ಮುಂದೆ ಬಂದು ಅಳುತ್ತೀರಿ ಎಂದರು. ಶಾಕೀರ್ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ. ಆಮೇಲೆ ಪೊಲೀಸರು ಅವನ ಹೇಳಿಕೆ ಬರೆದುಕೊಂಡರು, ಸಂಗನಬಸವನ ಸಾಕ್ಷಿ ಬರೆದುಕೊಂಡರು. ವೀರೇಂದ್ರ ಎಲ್ಲಿದ್ದಾನೆಂದು ಕೇಳಿದರು. ಗೇಟಿನಲ್ಲಿ ಉಳಿದಿದ್ದ ಫೋನ್ ತರಿಸಿ ಚಾರ್ಜಿಗೆ ಹಾಕಿದರು. ಅದರ ಪರದೆಯ ಮೇಲೆ ಮುಸರತ್‌ಳ ಫೋಟೋ ಇತ್ತು. ಶಾಕೀರ್‌ನನ್ನು ಆ ದಿನ ಯಾರೂ ಒಳಗೆ ಹಾಕಲಿಲ್ಲ. ಮನೆಗೆ ಕಳಿಸಿದರು, ಕರೆದಾಗ ಬರಬೇಕು ಎಂದರು. ಕರೆದಾಗೆಲ್ಲ ಅವನು ಹೋಗಿದ್ದಾನೆ.

ಸುಭಾನಬಿಯ ರಕ್ತ ತೆಗೆದುಕೊಂಡ ಮೇಲೆ ಒಬ್ಬ ಹುಡುಗಿ ಫಾರಂ ಹಿಡಿದು ಹುಸ್ನಾಳ ಮುಂದೆ ಕುಳಿತಳು.

"ನಿಮ್ಮ ಯಜಮಾನ್ರ ಹೆಸರು ಹೇಳ್ರಿ."

ಹುಸ್ನಾ ನನ್ನನ್ನು ನೋಡಿದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಂದ ಎತ್ತುವುದಿಲ್ಲ. ಅವರು, ಮನೆಯವರು, ಮುಸರತ್‌ಳ ಅಪ್ಪ, ಹೀಗೇ ಏಳು ವರ್ಷ ಕಳೆದಿದ್ದಳು. ಆಸ್ಪತ್ರೆ, ರೇಷನ್ ಅಂಗಡಿ, ಎಲ್ಲಿ ಹೋದರೂ ಪಕ್ಕದಲ್ಲಿದ್ದವರು ಹೇಳುತ್ತಿದ್ದರು. ನಾನು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಸಮೀಉಲ್ಲಾ," ಎಂದಳು. ಆ ಹುಡುಗಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಸಮೀಉಲ್ಲಾ. ತಂದಿ ಹೆಸರು ಜಂಗ್ಲಿಸಾಬ್. ಊರು ಮಸ್ಕಿ."

ಒಂಬತ್ತನೆಯ ದಿನ ವರದಿ ಬಂತು, ತಾಯಿಯ ರಕ್ತಕ್ಕೆ ಹೊಂದಿತು. ಮಸ್ಕಿಯಲ್ಲಿ ದಫನ್ ಮಾಡಿದರು. ಲಿಸ್ಟಿನಲ್ಲಿ ಹೆಸರು ತಿದ್ದಿದರು. ಪರಿಹಾರದ ಅರ್ಜಿ ಹುಸ್ನಾಳ ಹೆಸರಿನಲ್ಲಿ ಇನ್ನೂ ಓಡಾಡುತ್ತಿದೆ. ಸ್ವಂತ ಹೆಸರಿನ ಪಾಸ್ ಇದ್ದವರಿಗೆ ಬೇಗ ಆಯಿತು. ಇವಳು ಪ್ರತಿ ಸಲವೂ ಸಾಕ್ಷಿ ಕರೆದುಕೊಂಡು ಹೋಗಿ, ಅಲ್ಲಿ ದುಡಿಯುತ್ತಿದ್ದವನು ನನ್ನ ಗಂಡನೇ ಎಂದು ಹೇಳಬೇಕು. ಹೇಳುತ್ತಾಳೆ. ಈಗ ಹೆಸರು ಎತ್ತಲು ಹಿಂಜರಿಯುವುದಿಲ್ಲ.

ಈ ವರ್ಷ ಕಾಲುವೆಗೆ ನೀರು ಬಂದಾಗ ನಮ್ಮ ಓಣಿಯ ಚನ್ನವೀರ ತನ್ನ ಕಂಪನಿ ಪಾಸನ್ನು ತಮ್ಮನ ಕೈಗೆ ಕೊಡಲು ಹೊರಟಿದ್ದ. ಮೆಹರಬಾನು ಚಾಚಿ ಅವನ ಮನೆಗೆ ಹೋಗಿ ಆ ಪಾಸ್ ಕಸಿದುಕೊಂಡು ಬಂದಳು. "ನಿನ್ನ ಗದ್ದಿ ನಾವು ಹಚ್ತೀವಿ. ನೀ ನಿನ್ನ ಹೆಸರಿನ್ಯಾಗ ದುಡಿ, ಇಲ್ಲಾಂದ್ರ ಬಿಟ್ಟು ಮನ್ಯಾಗ ಕುಂದರು" ಎಂದಳು. ಸಂಘದ ಸಭೆಯಲ್ಲೂ ಅದನ್ನೇ ಹೇಳಿದಳು. ಮನೆಯ ಗಂಡಸರು ಕಂಪನಿಯಲ್ಲಿರುವ ಗದ್ದೆಗಳಿಗೆ ಈ ಸಲ ಸಂಘದ ಹೆಂಗಸರೇ ಮೊದಲು ಮುಯ್ಯಾಳು ಹೋದರು. ಐದು ಮನೆಯ ನಾಟಿ ಆರು ದಿನದಲ್ಲಿ ಮುಗಿಯಿತು. ಹುಸ್ನಾಳೂ ಸಸಿ ಹಚ್ಚಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದಢೇಸುಗೂರಿನವರಿರಲಿ, ಮುದಗಲ್‌ನವರಿರಲಿ, ನಿಮ್ಮ ಮನೆಯಿಂದ ಯಾರಾದರೂ ಕಾರ್ಖಾನೆಗೆ ಹೋಗುತ್ತಿದ್ದರೆ ಇವತ್ತೇ ಒಂದು ಮಾತು ಕೇಳಿ. ನಿನ್ನ ಕೊರಳಲ್ಲಿರುವ ಪಾಸ್ ಯಾರದು? ಇನ್ನೊಬ್ಬರದಾದರೆ ನಾಳೆಯಿಂದ ಕಳಿಸಬೇಡಿ. ಅವನದೇ ಆದರೆ ಅದರ ಒಂದು ಫೋಟೋ, ಕಾರ್ಮಿಕ ವಿಮೆಯ ಇಎಸ್‌ಐ ನಂಬರು, ಮೇಸ್ತ್ರಿಯ ಫೋನ್ ನಂಬರು ಮನೆಯಲ್ಲಿ ಬರೆದಿಡಿ. ತರಬೇತಿ ಕೊಡದೆ ಒಳಗೆ ಬಿಟ್ಟರೆ ಕೇಳುವ ಹಕ್ಕು ನಿಮಗಿದೆ. ಅಲ್ಲಿ ಸೈರನ್ ಹೊಡೆದರೆ ಏನರ್ಥ, ಯಾವ ಬಾಗಿಲಿನಿಂದ ಓಡಬೇಕು, ಎಲ್ಲಿ ಹೋಗಿ ನಿಲ್ಲಬೇಕು ಎಂದು ಮೊದಲ ದಿನವೇ ತಿಳಿದುಕೊಳ್ಳಲಿ. ಊಟದ ಡಬ್ಬಿಗೆ, ಫೋನಿಗೆ ಎಂದು ಹಿಂದಿರುಗಿ ಹೋಗದಿರಲಿ. ರಜೆ ಬೇಕಾದರೆ ಒಬ್ಬರೇ ಹೋಗಿ ಹೆದರುವ ಬದಲು ಹತ್ತು ಜನ ಒಟ್ಟಿಗೆ ಕೇಳಿ. ಗದ್ದೆಗೆ ಆಳು ಬೇಕಾದರೆ ಸಂಘಕ್ಕೆ ಹೇಳಿ. ಆಗಬಾರದ್ದು ಆಗಿಯೇ ಹೋಗಿದ್ದರೆ ಮುಚ್ಚಿಡಬೇಡಿ, ಅದೇ ದಿನ ನಿಜ ಹೇಳಿ.

ಮುಯ್ಯಾಳು ಗದ್ದೆಗೆ ಹೋಗಲಿ. ಅಪಾಯದ ಕೆಲಸಕ್ಕೆ ಹೋಗುವವನು ತನ್ನ ಹೆಸರಿನಲ್ಲೇ ಹೋಗಲಿ. ಬೆಂಕಿ ಹತ್ತಿದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತ ಗೆಳೆಯ ಕೂಗಿದರೆ, ಅವನು ತಿರುಗಿ ನೋಡಬೇಕು.